ಲಾಜಿಕ್ ತಲೆಗೆ ಹತ್ತುತ್ತಿಲ್ಲ, ಓದಿದ್ದು ನಿಲ್ಲುತ್ತಿಲ್ಲ: ಬಿಸಿಎ ಮೊದಲ ಸೆಮ್‌ನವರು ಏನು ಮಾಡಬೇಕು?

ಶಹಾಪುರದ ಹುಡುಗ
ಎಲ್ಲರಿಗೂ ನಮಸ್ಕಾರ. ನಂದು ಶಹಾಪುರ ತಾಲ್ಲೂಕಿನ ಹಳ್ಳಿ. ಪಿಯುಸಿವರೆಗೆ ಕನ್ನಡ ಮೀಡಿಯಂ. ಈಗ ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಬಿಸಿಎ ಓದುತ್ತಿದ್ದೇನೆ. ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ ಮೊದಲು ಬರೋದೇ ಲಾಜಿಕ್. "ಮತ್ತು", "ಅಥವಾ", "ಅಲ್ಲ" ತನಕ ಪರವಾಗಿಲ್ಲ. "ಇದು ಆದರೆ ಅದು" ಬಂತು ಅಂದರೆ ತಲೆ ಕೆಡುತ್ತದೆ. ಮೊದಲ ಭಾಗ ಸುಳ್ಳಾಗಿದ್ದರೆ ಇಡೀ ವಾಕ್ಯ ನಿಜ ಅಂತ ನಿಜ-ಸುಳ್ಳಿನ ಟೇಬಲ್ ಬರೆಸಿದ್ದಾರೆ. ಯಾಕೆ ಅಂತ ಕೇಳಿದರೆ "ಅದು ಹಾಗೇ, ಬರ್ಕೋ" ಅಂದರು.

ಇನ್ನೊಂದು ಪ್ರಶ್ನೆ. ನೋಟ್ಸ್ ಓದುವಾಗ ಎಲ್ಲಾ ಗೊತ್ತಿದ್ದ ಹಾಗೇ ಇರುತ್ತದೆ. ಪೇಪರ್ ಮುಂದೆ ಬಂದರೆ ಖಾಲಿ. ರೂಮಲ್ಲಿ ಮೂವರಿದ್ದೇವೆ, ಅಡುಗೆ ನಾವೇ ಮಾಡ್ಕೋಬೇಕು. ಯಾವಾಗ ಓದಬೇಕು, ಹೇಗೆ ಓದಬೇಕು? ದೊಡ್ಡವರು ಸ್ವಲ್ಪ ಹೇಳಿ.

ಸೇಡಂ ಮಾಸ್ತರ
ತಮ್ಮಾ, ಟೇಬಲ್ ಸ್ವಲ್ಪ ಹೊತ್ತು ಪಕ್ಕಕ್ಕಿಡು.

ನಿಮ್ಮಪ್ಪ ಹೇಳುತ್ತಾರೆ ಅಂತ ಇಟ್ಟುಕೋ: "ಈ ಸಲ ತೊಗರಿಗೆ ಕ್ವಿಂಟಲ್‌ಗೆ ಹತ್ತು ಸಾವಿರ ಸಿಕ್ಕರೆ ನಿನಗೆ ಬೈಕ್ ಕೊಡಿಸ್ತೀನಿ." ಆಗಬಹುದಾದದ್ದು ನಾಲ್ಕೇ. ಹತ್ತು ಸಾವಿರ ಸಿಕ್ಕಿತು, ಬೈಕ್ ಬಂತು: ಮಾತು ಉಳಿಯಿತು. ಹತ್ತು ಸಾವಿರ ಸಿಕ್ಕಿತು, ಬೈಕ್ ಬರಲಿಲ್ಲ: ಮಾತು ತಪ್ಪಿದರು. ರೇಟು ಏಳು ಸಾವಿರಕ್ಕೇ ನಿಂತಿತು, ಬೈಕೂ ಇಲ್ಲ: ನೀನು ಜಗಳ ತೆಗೆಯೋಕೆ ಬರಲ್ಲ. ರೇಟು ಏಳು ಸಾವಿರಕ್ಕೇ ನಿಂತಿತು, ಆದರೂ ಸಾಲ ಮಾಡಿ ಬೈಕ್ ಕೊಡಿಸಿದರು: ಆಗ "ಅಪ್ಪಾ, ನೀ ಸುಳ್ಳು ಹೇಳಿದಿ" ಅಂತೀಯಾ?

ಮಾತು ಮುರಿಯೋದು ಒಂದೇ ಸಾಲಿನಲ್ಲಿ. ಮೊದಲನೇದು ಆಗಿ, ಎರಡನೇದು ಆಗದೇ ಇದ್ದಾಗ. ಉಳಿದ ಮೂರರಲ್ಲಿ ಮುರಿದಿಲ್ಲ. ನಿನ್ನ ಪಾಠದಲ್ಲಿರೋ ಲಾಜಿಕ್‌ನಲ್ಲಿ ನಿಜ, ಸುಳ್ಳು ಬಿಟ್ಟರೆ ಮೂರನೇ ಬೆಲೆ ಇಲ್ಲ. ಹಾಗಾಗಿ ಮುರಿಯದೇ ಇರೋದಕ್ಕೆಲ್ಲ "ನಿಜ" ಅಂತ ಬರೀತಾರೆ.

ಒಂದು ಎಚ್ಚರಿಕೆ. ಈ "ಆದರೆ"ಯಲ್ಲಿ ಕಾರಣ ಹುಡುಕಬೇಡ. "ಎರಡೂ ಎರಡೂ ಐದಾದರೆ ಕಲಬುರಗಿ ಸಮುದ್ರದ ದಂಡೆಯಲ್ಲಿದೆ" ಅನ್ನೋದೂ ಲಾಜಿಕ್ ಲೆಕ್ಕದಲ್ಲಿ ನಿಜವಾದ ವಾಕ್ಯ. ನಗು ಬರುತ್ತೆ ಅಲ್ವಾ? ಬರಲಿ. ಅದು ಮೊದಲನೆಯದು ಎರಡನೆಯದನ್ನು ಹುಟ್ಟಿಸುತ್ತದೆ ಅಂತ ಹೇಳುತ್ತಿಲ್ಲ. ಮುರಿಯೋ ಸಾಲಿನಲ್ಲಿ ನಾವಿಲ್ಲ ಅಂತ ಮಾತ್ರ ಹೇಳುತ್ತಿದೆ.

ಹಳೇ ಪಿಯುಸಿ
ತಮ್ಮನಿಗೆ ಇದು ಹೊಸದು ಅನ್ನಿಸೋಕೆ ಕಾರಣ ಇದೆ. ನಾವು ಓದುವಾಗ 11ನೇ ತರಗತಿಯ ಎನ್‌ಸಿಇಆರ್‌ಟಿ ಗಣಿತದಲ್ಲಿ 14ನೇ ಅಧ್ಯಾಯ ಮ್ಯಾಥಮೆಟಿಕಲ್ ರೀಸನಿಂಗ್ ಅಂತ ಇತ್ತು. ಕೋವಿಡ್ ನಂತರ ಪಠ್ಯ ಕಡಿಮೆ ಮಾಡಿದಾಗ ತೆಗೆದರು. ಹಳೇ ಪುಸ್ತಕ ಸೀನಿಯರ್‌ಗಳ ಹತ್ತಿರ ಸಿಗುತ್ತದೆ. ಸಣ್ಣ ಅಧ್ಯಾಯ, ಇಂಗ್ಲಿಷ್ ಕೂಡ ಸರಳ. ಕಾಲೇಜ್ ಪುಸ್ತಕಕ್ಕಿಂತ ಮೊದಲು ಅದನ್ನು ಮುಗಿಸು.

ಲೆಕ್ಕಕ್ಕಿಲ್ಲ
ಬೇಜಾರು ಮಾಡ್ಕೋಬೇಡಿ ಮಾಸ್ತರೇ, ಇದೆಲ್ಲ ಯಾಕೆ ಬೇಕು? ನಾನು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಎಸ್‌ಐ ಪರೀಕ್ಷೆಗೆ ಓದ್ತಿದ್ದೀನಿ. ಕೋಚಿಂಗ್‌ನಲ್ಲಿ ರೀಸನಿಂಗ್ ಶಾರ್ಟ್‌ಕಟ್ ಹೇಳ್ಕೊಡ್ತಾರೆ, ಅಷ್ಟು ಸಾಕು. ಟೇಬಲ್ ಹಾಕ್ಕೊಂಡು ಕೂತರೆ ಟೈಮ್ ಮುಗಿದೇ ಹೋಗುತ್ತದೆ.

ಬೀದರ್ ಅಕ್ಕ
@ಲೆಕ್ಕಕ್ಕಿಲ್ಲ, ಶಾರ್ಟ್‌ಕಟ್ ಬಲ್ಲವರೇ ಎಡವೋ ಪ್ರಶ್ನೆ ಒಂದು ಕೊಡ್ತೀನಿ.

ಎಲ್ಲಾ ಬೀದರ್‌ನವರು ಕರ್ನಾಟಕದವರು. ಕೆಲವು ಕರ್ನಾಟಕದವರು ಮನೆಯಲ್ಲಿ ಮರಾಠಿ ಮಾತಾಡುತ್ತಾರೆ. ಆದ್ದರಿಂದ ಕೆಲವು ಬೀದರ್‌ನವರು ಮನೆಯಲ್ಲಿ ಮರಾಠಿ ಮಾತಾಡುತ್ತಾರೆ. ತೀರ್ಮಾನ ಸರಿಯೋ ತಪ್ಪೋ?

ಲೆಕ್ಕಕ್ಕಿಲ್ಲ
ಸರಿ. ಭಾಲ್ಕಿ, ಔರಾದ್ ಕಡೆ ಹೋಗಿ ನೋಡಿ, ಬೇಕಾದಷ್ಟು ಮನೆಯಲ್ಲಿ ಮರಾಠಿನೇ.

ಬೀದರ್ ಅಕ್ಕ
ಮರಾಠಿ ಇರೋದು ನಿಜ, ನಮ್ಮ ಓಣಿಯಲ್ಲೇ ಇದೆ. ನಾನು ಕೇಳಿದ್ದು ಅದಲ್ಲ. ಮೊದಲ ಎರಡು ಮಾತಿನಿಂದ ಮೂರನೇದು ಬರುತ್ತದಾ ಅಂತ.

"ಮನೆಯಲ್ಲಿ ಮರಾಠಿ ಮಾತಾಡುತ್ತಾರೆ" ತೆಗೆದು "ಕಡಲಲ್ಲಿ ಮೀನು ಹಿಡಿದು ಬದುಕುತ್ತಾರೆ" ಹಾಕಿ. ಎಲ್ಲಾ ಬೀದರ್‌ನವರು ಕರ್ನಾಟಕದವರು. ಕೆಲವು ಕರ್ನಾಟಕದವರು ಕಡಲಲ್ಲಿ ಮೀನು ಹಿಡಿದು ಬದುಕುತ್ತಾರೆ. ಅಷ್ಟರಿಂದಲೇ ಬೀದರ್‌ನಲ್ಲೂ ಅಂಥವರು ಇರಲೇಬೇಕಾ? ಮಾತಿನ ಕಟ್ಟು ಎರಡರಲ್ಲೂ ಒಂದೇ. ಒಂದು ಕಡೆ ಬಿದ್ದಿತು ಅಂದರೆ ಇನ್ನೊಂದು ಕಡೆಯೂ ಬಿದ್ದ ಹಾಗೇ. ಮರಾಠಿ ವಿಷಯ ನಿಮಗೆ ಮೊದಲೇ ಗೊತ್ತಿತ್ತು. ಆ ಗೊತ್ತಿರೋದೇ ಉತ್ತರ ಹೇಳಿತು, ಲಾಜಿಕ್ ಹೇಳಲಿಲ್ಲ.

ಬ್ಯಾಂಕ್ ಪರೀಕ್ಷೆಯ ಸಿಲಾಜಿಸಂ (ಮಾತುಗಳನ್ನು ಕೊಟ್ಟು ತೀರ್ಮಾನ ಬರುತ್ತದಾ ಅಂತ ಕೇಳೋ) ಪ್ರಶ್ನೆಗಳು ಇಲ್ಲೇ ಸಿಕ್ಕಿಸೋದು. ಕರ್ನಾಟಕ ಅಂತ ದೊಡ್ಡ ಸುತ್ತು ಹಾಕಿ, ಒಳಗೆ ಬೀದರ್ ಸಣ್ಣ ಸುತ್ತು. ಮೂರನೇ ಸುತ್ತನ್ನು ಬೀದರ್‌ಗೆ ತಾಗದ ಹಾಗೆ ಹಾಕೋಕೆ ಆಗುತ್ತದಾ ನೋಡಿ. ಹಾಕೋಕೆ ಆಯಿತು ಅಂದರೆ ತೀರ್ಮಾನ ತಪ್ಪು.

ಲೆಕ್ಕಕ್ಕಿಲ್ಲ
ಅಕ್ಕಾ, ಇದು ಸ್ವಲ್ಪ ಮೋಸ. ಆದ್ರೂ ಸರಿ, ಒಪ್ಪಿದೆ.

ಸೇಡಂ ಮಾಸ್ತರ
@ಲೆಕ್ಕಕ್ಕಿಲ್ಲ, ನಿಮ್ಮ ಎಫ್‌ಡಿಎಯನ್ನೇ ತೆಗೆದುಕೊಳ್ಳೋಣ. ಕಡ್ಡಾಯ ಕನ್ನಡ ಪತ್ರಿಕೆ 150 ಅಂಕದ್ದು, ಅದರಲ್ಲಿ ಕನಿಷ್ಠ 50 ಬರಲೇಬೇಕು. ಹಾಗಾದರೆ "ಆಯ್ಕೆ ಆದವರು ಕಡ್ಡಾಯ ಕನ್ನಡ ಪಾಸಾಗಿದ್ದಾರೆ" ಅನ್ನೋದು ನಿಜ. "ಕಡ್ಡಾಯ ಕನ್ನಡ ಪಾಸಾದವರು ಆಯ್ಕೆ ಆಗುತ್ತಾರೆ" ಅನ್ನೋದು ಸುಳ್ಳು. ಇದನ್ನು ಯಾರೂ ತಪ್ಪು ಮಾಡಲ್ಲ. ಅದೇ ಕಟ್ಟಿನ ಮಾತು ಪ ಮತ್ತು ಕ ಅಂತ ಅಕ್ಷರದಲ್ಲಿ ಬಂದರೆ ಅರ್ಧ ಕ್ಲಾಸ್ ತಿರುಗುಮುರುಗು ಮಾಡುತ್ತದೆ.

ಶಹಾಪುರದ ತಮ್ಮಾ, ಇದನ್ನು ಬರೆದಿಟ್ಟುಕೋ. "ಪ ಆದರೆ ಕ" ಇದ್ದಾಗ, ತಿರುಗಿಸಿ "ಕ ಆದರೆ ಪ" ಅಂದರೆ ಅದು ಕನ್ವರ್ಸ್, ಬೇರೆಯದೇ ಮಾತು. ತಿರುಗಿಸಿ ಎರಡೂ ಕಡೆ "ಅಲ್ಲ" ಸೇರಿಸಿ "ಕ ಅಲ್ಲದಿದ್ದರೆ ಪ ಅಲ್ಲ" ಅಂದರೆ ಅದು ಕಾಂಟ್ರಾಪಾಸಿಟಿವ್, ಮೂಲದಷ್ಟೇ ನಿಜ. ಕಡ್ಡಾಯ ಕನ್ನಡ ಪಾಸಾಗದವರು ಆಯ್ಕೆ ಆಗಿಲ್ಲ. ಹೌದೋ ಇಲ್ಲವೋ?

ಕಂಡಕ್ಟರ್ ಮಗಳು
ಇದಕ್ಕೆ ಒಂದು ಹೆಸರಾದ ಒಗಟಿದೆ. ಪೀಟರ್ ವೇಸನ್ ಅನ್ನೋ ಬ್ರಿಟಿಷ್ ಮನಶ್ಶಾಸ್ತ್ರಜ್ಞ 1966ರಲ್ಲಿ ಬರೆದದ್ದು. ಕನ್ನಡಕ್ಕೆ ಹೊಂದಿಸಿ ಕೊಡ್ತೀನಿ.

ಮೇಜಿನ ಮೇಲೆ ನಾಲ್ಕು ಕಾರ್ಡ್. ಪ್ರತಿ ಕಾರ್ಡ್‌ನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಕಾಣೋದು ಅ, ಕ, 4, 7. ನಿಯಮ: ಒಂದು ಬದಿ ಸ್ವರ ಇದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರಬೇಕು. ನಿಯಮ ಮುರಿದಿದೆಯಾ ಅಂತ ತಿಳಿಯೋಕೆ ಯಾವ ಕಾರ್ಡ್ ತಿರುಗಿಸಲೇಬೇಕು? ಗೂಗಲ್ ಮಾಡಬೇಡಿ.

ಶಹಾಪುರದ ಹುಡುಗ
ಅ ಮತ್ತು 4.

ಲೆಕ್ಕಕ್ಕಿಲ್ಲ
ಅ, 4. ಇದರಲ್ಲೇನು ಒಗಟು?

ಹಳೇ ಪಿಯುಸಿ
ಅ ಒಂದೇ ಸಾಕು.

ಕಂಡಕ್ಟರ್ ಮಗಳು
ಮೂವರದ್ದೂ ತಪ್ಪು. ಬೇಜಾರು ಬೇಡ, ಇಂಥ ಪ್ರಯೋಗಗಳಲ್ಲಿ ಸರಿ ಹೇಳಿದವರು ಸಾಮಾನ್ಯವಾಗಿ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಉತ್ತರ ಈಗ ಹೇಳಲ್ಲ. ಮೊದಲು ಬಸ್ ಹತ್ತಿ.

ಕಲಬುರಗಿಯಿಂದ ಆಳಂದಕ್ಕೆ ಹೋಗೋ ನಮ್ಮ ಕೆಂಪು ಬಸ್. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಹೆಣ್ಣುಮಕ್ಕಳಿಗೆ ಜೀರೋ ಟಿಕೆಟ್. ಆದರೆ ಜೀರೋ ಟಿಕೆಟ್ ಬೇಕಾದರೆ ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಇರಬೇಕು. ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾದಿಂದ ಬಂದವರೂ ಬಸ್‌ನಲ್ಲಿ ಇರುತ್ತಾರೆ, ಗೊತ್ತಲ್ಲ.

ಮಧ್ಯದಲ್ಲಿ ಚೆಕಿಂಗ್‌ನವರು ಹತ್ತಿದರು. ಒಂದೇ ಸಾಲಿನಲ್ಲಿ ನಾಲ್ವರು ಹೆಂಗಸರು. ಒಬ್ಬರ ಕೈಯಲ್ಲಿ ಜೀರೋ ಟಿಕೆಟ್ ಕಾಣುತ್ತದೆ, ಆಧಾರ್ ಚೀಲದೊಳಗಿದೆ. ಇನ್ನೊಬ್ಬರ ಕೈಯಲ್ಲಿ ದುಡ್ಡು ಕೊಟ್ಟ ಟಿಕೆಟ್. ಮೂರನೇಯವರು ಆಳಂದ ವಿಳಾಸದ ಆಧಾರ್ ಹಿಡಿದಿದ್ದಾರೆ, ಟಿಕೆಟ್ ಮುಷ್ಟಿಯಲ್ಲಿದೆ, ಯಾವುದು ಅಂತ ಕಾಣಲ್ಲ. ನಾಲ್ಕನೇಯವರ ಹತ್ತಿರ ಇರೋದು ಉಮರ್ಗಾ ವಿಳಾಸದ ಆಧಾರ್ ಒಂದೇ, ಟಿಕೆಟ್ ಸೆರಗಿನ ತುದಿಗೆ ಕಟ್ಟಿದ್ದಾರೆ. ಚೆಕಿಂಗ್‌ನವರು ಯಾರ್ಯಾರನ್ನು ಕೇಳಬೇಕು?

ಶಹಾಪುರದ ಹುಡುಗ
ಜೀರೋ ಟಿಕೆಟ್‌ನವರ ಆಧಾರ್ ನೋಡಬೇಕು. ಉಮರ್ಗಾದವರ ಟಿಕೆಟ್ ನೋಡಬೇಕು. ಆಳಂದದವರ ಟಿಕೆಟ್ ಯಾವುದಾದರೇನು, ದುಡ್ಡು ಕೊಟ್ಟು ತೆಗೆದುಕೊಂಡಿದ್ದರೂ ತಪ್ಪೇನಿಲ್ಲ.

ಅಯ್ಯೋ. ಅ ಮತ್ತು 7!

ಕಂಡಕ್ಟರ್ ಮಗಳು
ಹೌದು. ಆಳಂದದವರೇ 4. ಸಮಸಂಖ್ಯೆಯ ಹಿಂದೆ ವ್ಯಂಜನ ಇದ್ದರೂ ನಿಯಮ ಮುರಿಯಲ್ಲ, ಹಾಗಾಗಿ ತಿರುಗಿಸಿ ಏನೂ ಸಿಗಲ್ಲ. ಉಮರ್ಗಾದವರೇ 7. ಅಲ್ಲಿ ಸ್ವರ ಸಿಕ್ಕರೆ ನಿಯಮ ಮುರಿದ ಹಾಗೆ. ದುಡ್ಡಿನ ಟಿಕೆಟ್‌ನವರು ಕ, ಅವರನ್ನು ಬಿಡಿ.

1982ರಲ್ಲಿ ಅಮೆರಿಕದ ಗ್ರಿಗ್ಸ್, ಕಾಕ್ಸ್ ಅನ್ನೋ ಇಬ್ಬರು ಇದೇ ಒಗಟನ್ನು ಬಿಯರ್ ಕುಡಿಯೋ ವಯಸ್ಸಿನ ನಿಯಮ ಮಾಡಿ ಕೇಳಿದರು. ಆಗ ನಾಲ್ವರಲ್ಲಿ ಸುಮಾರು ಮೂವರು ಸರಿ ಹೇಳಿದರು. ಲಾಜಿಕ್ ಅದೇ. ಬದಲಾಗಿದ್ದು ಬಟ್ಟೆ ಮಾತ್ರ.

ಬೀದರ್ ಅಕ್ಕ
ತುಂಬಾ ಚೆನ್ನಾಗಿದೆ ಇದು. ನಾನು ಕೆ-ಸೆಟ್‌ಗೆ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಓದುತ್ತಿದ್ದೇನೆ. ಮೊದಲ ಪತ್ರಿಕೆಯಲ್ಲಿ ಭಾರತೀಯ ತರ್ಕ ಅಂತ ಒಂದು ಭಾಗ ಇದೆ, ಯುಜಿಸಿ ನೆಟ್‌ನಲ್ಲೂ ಇದೆ. ನ್ಯಾಯದರ್ಶನದ ಐದು ಹೆಜ್ಜೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಗುಡ್ಡದಲ್ಲಿ ಬೆಂಕಿ ಇದೆ. ಯಾಕಂದ್ರೆ ಹೊಗೆ ಇದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇದ್ದ ಹಾಗೆ. ಈ ಗುಡ್ಡದಲ್ಲೂ ಅಂಥ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. "ಹೊಗೆ ಇದ್ದಲ್ಲೆಲ್ಲ ಬೆಂಕಿ" ಅನ್ನೋ ಆ ಗಂಟಿಗೆ ವ್ಯಾಪ್ತಿ ಅಂತ ಹೆಸರು.

ನನಗೆ ಇಷ್ಟವಾದ ಜಾಗ ಬೇರೆ. ಅವರು ಅಡುಗೆಮನೆ ಒಂದನ್ನೇ ಹೇಳಿ ಬಿಡಲ್ಲ. ಬೆಂಕಿ ಇಲ್ಲದ ಕಡೆ ಹೊಗೆಯೂ ಇಲ್ಲ ಅಂತ ತೋರಿಸೋಕೆ ಕೆರೆಯನ್ನೂ ಉದಾಹರಣೆ ಕೊಡುತ್ತಾರೆ. ಅಡುಗೆಮನೆ ಅಂದರೆ ಅ ಕಾರ್ಡ್. ಕೆರೆ ಅಂದರೆ 7. ನೂರಾರು ವರ್ಷದ ಹಿಂದೆಯೇ ಇವರು 7 ತಿರುಗಿಸಿ ನೋಡುತ್ತಿದ್ದರು! ಇನ್ನು ಕನ್ವರ್ಸ್ ಯಾಕೆ ನಡೆಯಲ್ಲ ಅನ್ನೋದಕ್ಕೂ ಉದಾಹರಣೆ ಇದೆ: ಕೆಂಪಗೆ ಕಾದ ಕಬ್ಬಿಣದ ಗುಂಡು. ಬೆಂಕಿ ಇದೆ, ಹೊಗೆ ಇಲ್ಲ.

ಹಳೇ ಪಿಯುಸಿ
ನಮ್ಮ ಜಿಲ್ಲೆಯಲ್ಲಿ ತರ್ಕದ ಓದು ಹೊಸದೇನಲ್ಲ ಬಿಡಿ. ಚಿತ್ತಾಪುರದ ಹತ್ತಿರ ನಾಗಾವಿಯಲ್ಲಿ 11ನೇ ಶತಮಾನದಲ್ಲೇ ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಕೇಂದ್ರ, ಇತ್ತು. ಮಿತಾಕ್ಷರ ಅನ್ನೋ ಹಿಂದೂ ಕಾನೂನಿನ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಮರತೂರಿನವರು ಅಂತ ಹೇಳುತ್ತಾರೆ. ಕಾನೂನು ವ್ಯಾಖ್ಯಾನ ಅಂದರೆ "ಇದು ಆದರೆ ಅದು" ಬಿಟ್ಟು ಬೇರೇನಿದೆ?

ಲೆಕ್ಕಕ್ಕಿಲ್ಲ
ವಿಷಯ ಎಲ್ಲಿಂದ ಎಲ್ಲಿಗೋ ಹೋಯ್ತು. ಹುಡುಗ ಓದೋದು ಹೇಗೆ ಅಂತಲೂ ಕೇಳಿದ್ದ. ಅದನ್ನೂ ಹೇಳಿ, ನನಗೂ ಬೇಕು.

ಕಂಡಕ್ಟರ್ ಮಗಳು
ಎಲ್ಲಿಗೂ ಹೋಗಿಲ್ಲ. ನೋಟ್ಸನ್ನು ಮತ್ತೆ ಮತ್ತೆ ಓದೋದು ಇದೆಯಲ್ಲ, ಅದು 4 ತಿರುಗಿಸಿದ ಹಾಗೆ. ಪುಟದಲ್ಲಿ ಉತ್ತರ ಕಣ್ಣ ಮುಂದೆಯೇ ಇರುತ್ತದೆ, "ಹೂಂ, ಇದು ಗೊತ್ತು" ಅಂತ ತಲೆ ಆಡಿಸುತ್ತೇವೆ. ನಮಗೆ ಗೊತ್ತಿಲ್ಲ ಅಂತ ಅದು ಯಾವತ್ತೂ ತೋರಿಸಲ್ಲ. ನೋಟ್ಸ್ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯೋದು 7. ಎಲ್ಲಿ ಮುರಿಯುತ್ತದೋ ಅಲ್ಲೇ ಗೊತ್ತಾಗುತ್ತದೆ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಇದನ್ನು ಅಳೆದು ನೋಡಿದರು. ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪಾಠ ಕೊಟ್ಟರು. ಒಮ್ಮೆ ಓದಿದ ಮೇಲೆ ಕೆಲವರು ಮತ್ತೊಮ್ಮೆ ಓದಿದರು, ಕೆಲವರು ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಸ್ವಲ್ಪ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಉಲ್ಟಾ: ಮತ್ತೆ ಓದಿದವರಿಗೆ ಶೇ. 42 ನೆನಪಿತ್ತು, ಬರೆದು ನೋಡಿದವರಿಗೆ ಶೇ. 56. ಹಿಂದಿನ ರಾತ್ರಿ ಓದಿದಾಗ ಎಲ್ಲಾ ಬರುತ್ತೆ ಅನ್ನಿಸೋದು ಇದಕ್ಕೇ.

ಶಹಾಪುರದ ಹುಡುಗ
ಥೇಟ್ ನಂದೇ ಕಥೆ. ಆದ್ರೆ ಅಕ್ಕಾ, ಖಾಲಿ ಹಾಳೆ ಮುಂದೆ ಕೂತರೆ ಏನೂ ಬರಲ್ಲ. ಎರಡು ನಿಮಿಷದಲ್ಲಿ ಕೈ ಮೊಬೈಲಿಗೆ ಹೋಗುತ್ತೆ.

ಬೀದರ್ ಅಕ್ಕ
ಇಡೀ ಪಾಠ ಬರೆಯೋಕೆ ಕೂತರೆ ಹಾಗೇ ಆಗೋದು. ಸಣ್ಣದು ತಗೋ. ಇವತ್ತು "ಆದರೆ"ಯ ನಾಲ್ಕು ಸಾಲು ಮಾತ್ರ. ಬರಲಿಲ್ಲ ಅಂದರೆ ತೆರೆದು ನೋಡು, ಮುಚ್ಚು, ಮತ್ತೆ ಬರಿ. ನಾಳೆ ಬೆಳಗ್ಗೆ ಎದ್ದು ನೋಡದೇ ಮತ್ತೊಮ್ಮೆ. ಆಮೇಲೆ ಎರಡು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು. ಪೂರ್ತಿ ಮರೆಯೋಕೆ ಮುಂಚೆ ಒಮ್ಮೆ ಎಳೆದು ತಂದರೆ ಸಾಕು. ಸಣ್ಣ ಚೀಟಿಯ ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ ಬರೆದು ಎರಡು ಡಬ್ಬಿಯಲ್ಲಿ ಹಾಕಿಡು. ಬಂದವು ಒಂದು ಡಬ್ಬಿ, ಬರದವು ಇನ್ನೊಂದು. ಬರದ ಡಬ್ಬಿ ದಿನಾ ತೆಗೆ, ಬಂದ ಡಬ್ಬಿ ವಾರಕ್ಕೊಮ್ಮೆ.

ಮೊಬೈಲ್ ಬಗ್ಗೆ ಉಪದೇಶ ಮಾಡಲ್ಲ. ಇನ್ನೊಬ್ಬ ರೂಮ್‌ಮೇಟ್‌ನ ಟ್ರಂಕಿನಲ್ಲಿ ಇಡು. ಎದ್ದು ಹೋಗಿ ಕೇಳೋಕೆ ನಾಚಿಕೆ ಆಗುತ್ತೆ, ಅಷ್ಟು ಸಾಕು.

ಹಳೇ ಪಿಯುಸಿ
ಹೊತ್ತಿನ ಬಗ್ಗೆ ನಾನು ಹೇಳ್ತೀನಿ. ನಮ್ಮ ಕಡೆ ಬಿಸಿಲಲ್ಲಿ ಮಧ್ಯಾಹ್ನದ ಓದು ಬರೀ ನಾಟಕ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಆಫೀಸುಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಮುಗಿಸುತ್ತವೆ. ತಗಡಿನ ರೂಮಲ್ಲಿ, ಬಿಸಿ ಗಾಳಿ ಬಿಡೋ ಫ್ಯಾನ್ ಕೆಳಗೆ ಕೂತು ಮೂರು ಗಂಟೆ ಓದಿದೆ ಅನ್ನೋದರಲ್ಲಿ ಅರ್ಥ ಇಲ್ಲ. ಬೆಳಗ್ಗೆ ಐದರಿಂದ ಏಳು. ಮಧ್ಯಾಹ್ನ ಮಲಗು, ಇಲ್ಲ ಬಟ್ಟೆ ಒಗಿ. ಸಂಜೆ ಲೈಬ್ರರಿಗೆ ಹೋಗು.

ಅಡುಗೆ ಪಾಳಿ ಹಾಕ್ಕೊಳ್ಳಿ. ಮೂವರೂ ದಿನಾ ಒಲೆ ಮುಂದೆ ನಿಂತರೆ ಮೂವರ ಸಂಜೆಯೂ ಹೋಯ್ತು. ರೊಟ್ಟಿ ಖಾನಾವಳಿಯಿಂದ ತಂದು ಪಲ್ಯ ಮಾತ್ರ ಮಾಡ್ಕೊಂಡರೆ ಇನ್ನೂ ಬೇಗ.

ಸೇಡಂ ಮಾಸ್ತರ
ಹೊತ್ತಿನ ಮಾತು ಸರಿ. ಲಾಜಿಕ್‌ಗೆ ಇನ್ನೊಂದು ಸೇರಿಸುತ್ತೇನೆ. ಇದು ಓದೋ ವಿಷಯವಲ್ಲ, ಕೈಯಿಂದ ಮಾಡೋ ವಿಷಯ. ಟೇಬಲ್ ಹಾಕುವಾಗ ಸಾಲು ತಪ್ಪುವವರೇ ಜಾಸ್ತಿ. ಎರಡು ಅಕ್ಷರಕ್ಕೆ 4 ಸಾಲು, ಮೂರಕ್ಕೆ 8, ನಾಲ್ಕಕ್ಕೆ 16. ಮೂರು ಅಕ್ಷರ ಇದ್ದಾಗ ಕೊನೇ ಕಂಬದಲ್ಲಿ ನಿ (ನಿಜ), ಸು (ಸುಳ್ಳು), ನಿ, ಸು ಅಂತ ಒಂದೊಂದೇ ಬದಲಿಸು. ಅದರ ಎಡಕ್ಕೆ ಎರಡೆರಡು. ಮೊದಲ ಕಂಬದಲ್ಲಿ ನಾಲ್ಕು ನಿ, ನಾಲ್ಕು ಸು. ಹೀಗೆ ಹಾಕಿದರೆ ಯಾವ ಸಾಲೂ ಬಿಟ್ಟುಹೋಗಲ್ಲ, ಎರಡು ಸಲವೂ ಬರಲ್ಲ.

ಆಮೇಲೆ ಡಿ ಮಾರ್ಗನ್ ನಿಯಮ. (ಈ ಡಿ ಮಾರ್ಗನ್ 1806ರಲ್ಲಿ ಹುಟ್ಟಿದ್ದು ಮಧುರೈಯಲ್ಲಿ, ಗೊತ್ತಾ?) "ಆಧಾರ್ ಮತ್ತು ರೇಷನ್ ಕಾರ್ಡ್ ಎರಡೂ ತಂದಿದ್ದೇನೆ" ಅನ್ನೋದು ಸುಳ್ಳು ಅಂದರೆ ಯಾವುದನ್ನೂ ತಂದಿಲ್ಲ ಅಂತಲ್ಲ, ಎರಡರಲ್ಲಿ ಒಂದನ್ನಾದರೂ ಬಿಟ್ಟು ಬಂದಿದ್ದೇನೆ ಅಂತ. "ಅಲ್ಲ" ಒಳಗೆ ಹೋದಾಗ "ಮತ್ತು" ಇದ್ದದ್ದು "ಅಥವಾ" ಆಗುತ್ತದೆ. ಪ್ರೋಗ್ರಾಂ ಬರೆಯೋಕೆ ಶುರು ಮಾಡಿದ ಮೇಲೆ ಇಫ್ ಕಂಡೀಷನ್‌ನಲ್ಲಿ ಇದು ದಿನಾ ಬರುತ್ತದೆ.

ಈಗ ನಿನಗೆ ಕೆಲಸ. ಕರೆಂಟ್ ಹೋದರೆ ಮೋಟರ್ ನಿಲ್ಲುತ್ತದೆ. ಮೋಟರ್ ನಿಂತಿದೆ. ಆದ್ದರಿಂದ ಕರೆಂಟ್ ಹೋಗಿದೆ. ಸರಿಯಾ? ಪುಸ್ತಕ ಮುಚ್ಚಿ ಹೇಳು.

ಶಹಾಪುರದ ಹುಡುಗ
ತಪ್ಪು ಸರ್. ಮೋಟರ್ ಸುಟ್ಟೂ ನಿಂತಿರಬಹುದು. ಟೇಬಲ್ ಹಾಕಿದೆ. ಪ ಅಂದರೆ ಕರೆಂಟ್ ಹೋಗಿದೆ, ಕ ಅಂದರೆ ಮೋಟರ್ ನಿಂತಿದೆ. ಪ ಸುಳ್ಳು, ಕ ನಿಜ ಇರೋ ಸಾಲಿನಲ್ಲಿ ಕೊಟ್ಟಿರೋ ಎರಡೂ ಮಾತು ನಿಜ, ತೀರ್ಮಾನ ಸುಳ್ಳು. ಆ ಒಂದು ಸಾಲು ಸಾಕಲ್ವಾ?

ಸೇಡಂ ಮಾಸ್ತರ
ಸಾಕು. ಅಂಥ ಒಂದು ಸಾಲು ಸಿಕ್ಕರೆ ವಾದ ಬಿತ್ತು. ಈಗ ಮೂರು ಅಕ್ಷರದ್ದು. ಪ ಆದರೆ ಕ. ಕ ಆದರೆ ರ. ಆದ್ದರಿಂದ ಪ ಆದರೆ ರ. 8 ಸಾಲು ಹಾಕು. ಕೊಟ್ಟಿರೋ ಎರಡೂ ಮಾತು ನಿಜ ಇರೋ ಸಾಲು ಎಷ್ಟು, ಅವುಗಳಲ್ಲಿ ತೀರ್ಮಾನ ಏನಾಗಿದೆ ಅಂತ ಬರಿ.

ಲೆಕ್ಕಕ್ಕಿಲ್ಲ
ನಾನೂ ಹಾಕ್ತಿದ್ದೀನಿ. ಯಾರೂ ಉತ್ತರ ಹೇಳಬೇಡಿ.

ಶಹಾಪುರದ ಹುಡುಗ
ನಾಲ್ಕು ಸಾಲು ಸಿಕ್ಕವು ಸರ್. ಮೂರೂ ನಿಜ ಇರೋದು ಒಂದು. ಉಳಿದ ಮೂರರಲ್ಲಿ ಪ ಸುಳ್ಳು. ನಾಲ್ಕರಲ್ಲೂ ತೀರ್ಮಾನ ನಿಜ ಬಂತು. ಅಂದರೆ ವಾದ ಸರಿ.

ಲೆಕ್ಕಕ್ಕಿಲ್ಲ
ನನಗೆ ಐದು ಬಂತು. ಎಲ್ಲಿ ತಪ್ಪಿದೆ?

ಸೇಡಂ ಮಾಸ್ತರ
@ಲೆಕ್ಕಕ್ಕಿಲ್ಲ, ಪ ಸುಳ್ಳು, ಕ ನಿಜ, ರ ಸುಳ್ಳು ಇರೋ ಸಾಲು ನೋಡಿ. "ಕ ಆದರೆ ರ" ಅಲ್ಲಿ ಮುರಿಯುತ್ತದೆ. ಪ ಸುಳ್ಳು ಅಂತ ಕಂಡ ತಕ್ಷಣ ಸಾಲು ಪೂರ್ತಿ ನಿಜ ಅಂತ ಬರೆದಿರಬೇಕು.

ತಮ್ಮಾ, ನಿಂದು ಸರಿ. ಆ ನಾಲ್ಕರಲ್ಲಿ ಮೂರು ಸಾಲು ನೀನು ಮೊದಲು ಯಾಕೆ ನಿಜ ಅಂತ ಕೇಳಿದ್ದೆಯಲ್ಲ, ಅದೇ ಜಾತಿಯವು. ನಾಳೆ ಬೆಳಗ್ಗೆ ಇದನ್ನೇ ನೋಡದೇ ಮತ್ತೆ ಹಾಕು. ಆಮೇಲೆ "ಎಲ್ಲಾ", "ಕೆಲವು" ಶುರು ಮಾಡೋಣ. ಅಷ್ಟರಲ್ಲಿ ಇದನ್ನು ಯೋಚಿಸಿಡು: "ನಮ್ಮ ಕ್ಲಾಸಿನಲ್ಲಿ ಎಲ್ಲರೂ ಪಾಸ್" ಅನ್ನೋದು ಸುಳ್ಳು ಅಂತ ತೋರಿಸೋಕೆ ಎಷ್ಟು ಜನ ಫೇಲ್ ಆಗಬೇಕು?

ಲೆಕ್ಕಕ್ಕಿಲ್ಲ
ಒಬ್ಬ ಸಾಕು. ಇದು ನನಗೆ ಬಂತು ನೋಡಿ ಮಾಸ್ತರೇ.